ಇಲ್ಲಿಗೆ ಬರಬೇಡ, ಅಕ್ಕ

ಒಕಟೂವೊ,
ಮೇ ೧೯೦೮

ಒಡಹುಟ್ಟಿದ ಅಕ್ಕ ಮುಕಾಂಡಿಗೆ ತಂಗಿ ಅಮಾಲಿಯಾಳ ನಮಸ್ಕಾರ.

ನೀನು ಬದುಕಿದ್ದೀಯಂತೆ. ಈ ನಾಲ್ಕು ವರ್ಷವೂ ನಾನು ನಿನ್ನನ್ನು ಸತ್ತವರ ಜೊತೆ ಸೇರಿಸಿ ಪ್ರಾರ್ಥನೆ ಮಾಡುತ್ತಿದ್ದೆ. ಮೊನ್ನೆ ಸೆಕೊಬೆಯ ಗಾಡಿ ಬಾವಿಯ ಹತ್ತಿರ ಬಂದು ನಿಂತಾಗ ಹಾಲಿನ ಪಾತ್ರೆ ಬೆಳಗುತ್ತಿದ್ದೆ. ಯಾವುದೋ ಇಂಗ್ಲಿಷ್ ವ್ಯಾಪಾರಿಯ ಸರಕು ಹೇರಿಕೊಂಡು ಗೋಬಾಬಿಸ್‌ಗೆ ಹೊರಟ ಬೆಚುವಾನಾ ಸೀಮೆಯ ಗಾಡಿಯವನು, ನಮಗೇನು ಸಂಬಂಧ ಎಂದು ನಾನು ತಲೆ ಎತ್ತಲಿಲ್ಲ. ಅವನೇ ಎತ್ತುಗಳಿಗೆ ನೀರು ಕುಡಿಸುತ್ತಾ, "ಇಲ್ಲಿ ಅಮಾಲಿಯಾ ಅನ್ನೋಳು ಯಾರು? ಪಾದ್ರಿ ಹತ್ರ ನಾಲ್ಕಕ್ಷರ ಕಲಿತು ಮೂಗು ಮೇಲೆ ಮಾಡ್ಕೊಂಡು ಓಡಾಡ್ತಾಳಂತಲ್ಲ, ಅವಳು" ಎಂದ. "ಯಾವನು ಹಂಗಂದಿದ್ದು?" ಎಂದು ರೇಗಿದೆ. "ಯಾವನೂ ಅಲ್ಲ. ಅವಳ ಅಕ್ಕ" ಎಂದ.

ಪಾತ್ರೆ ಬೂದಿಯಲ್ಲಿ ಬಿತ್ತು. ಅದನ್ನು ಅಲ್ಲೇ ಬಿಟ್ಟು ಗಾಡಿಯ ಹತ್ತಿರ ಓಡಿದೆ. ನೀನು, ಭಾವ, ಮರಳುಗಾಡು ದಾಟುವಾಗ ನಿನ್ನ ಬೆನ್ನ ಮೇಲಿದ್ದ ಕೂಸು, ದಾಟಿದ ಮೇಲೆ ಹುಟ್ಟಿದ ಕೂಸು, ಎಲ್ಲರೂ ಇದ್ದೀರಿ, ಗಡಿಯಾಚೆ ಇಂಗ್ಲಿಷರ ಸೀಮೆಯ ಕೆರೆಯ ಹತ್ತಿರ ಯಾರದೋ ದನ ಕಾಯ್ದುಕೊಂಡಿದ್ದೀರಿ ಎಂದು ಅವನು ಒಂದೊಂದಾಗಿ ಹೇಳಿದ. ನೀನು ಹೇಳಿಕಳಿಸಿದ ಮಾತನ್ನೂ ನಿನ್ನ ಧಾಟಿಯಲ್ಲೇ ಒಪ್ಪಿಸಿದ: "ಜರ್ಮನರು ನಮ್ಮವರನ್ನ ಕೂಡಿಹಾಕಿದ್ದ ಶಿಬಿರ ಎಲ್ಲಾ ಮುಚ್ಚಿದ್ರಂತೆ. ಅವರ ಊರಲ್ಲೇ ದೊಡ್ಡ ದೊಡ್ಡವರು ಎದ್ದು ನಿಂತು, ನಮ್ಮ ಹೆರೆರೊ ಜನಕ್ಕೆ ಮಾಡಿದ್ದು ತಪ್ಪು ಅಂತ ಬೈದ್ರಂತೆ. ಇನ್ನೇನು ಭಯ? ಚಳಿ ಮುಗಿದ ಮೇಲೆ ನಾವು ಬರ್ತೀವಿ. ಅವ್ವ ಎಲ್ಲಿದ್ದಾಳೆ, ನನ್ನ ಮಗಳು ಇದ್ದಾಳಾ, ಹೇಳಿಕಳಿಸು."

ಸೆಕೊಬೆ ಗೋಬಾಬಿಸ್‌ನಲ್ಲಿ ಸರಕು ಇಳಿಸಿ ಇದೇ ದಾರಿಯಲ್ಲಿ ವಾಪಸು ಬರುತ್ತಾನೆ. ಅಷ್ಟರೊಳಗೆ ಇದನ್ನು ಮುಗಿಸಬೇಕು. ಭಾವ ಓದಿ ಹೇಳುವಾಗ ನೀನು ನಡುವೆ ಬಾಯಿ ಹಾಕದೆ ಕೇಳು. ಇಲ್ಲಿಗೆ ಬರಬೇಡ, ಅಕ್ಕ. ಈಗಲೂ ಬೇಡ, ಚಳಿ ಮುಗಿದ ಮೇಲೂ ಬೇಡ.

ನಿನ್ನ ಮಗಳು ಇದ್ದಾಳೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ನಿನ್ನ ಕಿವಿಗೆ ಬೀಳುವುದಿಲ್ಲ. ಎನ್ಗಾರಿ ನನ್ನ ಹತ್ತಿರವೇ ಇದ್ದಾಳೆ. ಎತ್ತರವಾಗಿದ್ದಾಳೆ. ಅವಳ ಕಾಲಿನ ಹುಣ್ಣು ವಾಸಿಯಾಗಿದೆ. ನಿನ್ನ ಹಾಗೆಯೇ ಹಠ. ಅವಳ ವಿಷಯ ಇನ್ನೂ ಇದೆ, ಬರೆಯುತ್ತೇನೆ.

ಅವ್ವ ಇಲ್ಲ.

ನಾನು ಇರುವುದು ನಮ್ಮ ಅಪ್ಪನ ನೆಲದಲ್ಲೇ. ಒಕಟೂವೊ ಎಂದು ಮೇಲೆ ಬರೆದಿದ್ದೇನೆ, ಆದರೆ ಆ ಹೆಸರು ಈಗ ನನ್ನ ಬಾಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ರೀಡೆಲ್ ಎಂಬ ಜರ್ಮನ್ ರೈತ ಇದನ್ನು ಸರ್ಕಾರದಿಂದ ಕೊಂಡು ತನ್ನ ಹೆಂಡತಿಯ ಹೆಸರಿಟ್ಟಿದ್ದಾನೆ. ನಾನು ಅವರ ಮನೆಯಲ್ಲಿ ಅಡುಗೆ ಮಾಡುತ್ತೇನೆ, ಹಾಲು ಕರೆಯುತ್ತೇನೆ. ನಮ್ಮ ಪವಿತ್ರ ಬೆಂಕಿ ಉರಿಯುತ್ತಿದ್ದ ಜಾಗದಲ್ಲಿ ಅವರ ಕೋಳಿಗೂಡು ಇದೆ. ಕೊಟ್ಟಿಗೆಯ ಹಸುಗಳಲ್ಲಿ ಕೆಲವಕ್ಕೆ ಹೊಟ್ಟೆಯ ಕೆಳಗೆ ಆ ಬಿಳಿ ಪಟ್ಟೆ ಇದೆ, ಅಪ್ಪ ಹಾಡಿ ಹೊಗಳುತ್ತಿದ್ದ ಕೆಂದ ಹಸುವಿನ ಸಂತಾನ. ಅವುಗಳಿಗೆ ನನ್ನ ಕೈ ಗೊತ್ತು, ಬೇಗ ಸೊರೆ ಬಿಡುತ್ತವೆ. ಆದರೆ ಹೆರೆರೊ ಆದವನು ಒಂದು ಕರುವನ್ನೂ ತನ್ನದು ಎನ್ನುವಂತಿಲ್ಲ. ಹಾಗೆಂದು ಕಾನೂನು ಮಾಡಿದ್ದಾರೆ. ನೆಲವೂ ಇಲ್ಲ. ಏಳು ವರ್ಷ ತುಂಬಿದ ಮೇಲೆ ಪ್ರತಿಯೊಬ್ಬರ ಕುತ್ತಿಗೆಗೂ ಒಂದು ಹಿತ್ತಾಳೆಯ ಬಿಲ್ಲೆ. ಅದಿಲ್ಲದೆ ದಾರಿಯಲ್ಲಿ ಸಿಕ್ಕರೆ ಯಾವ ಬಿಳಿಯ ಬೇಕಾದರೂ ಹಿಡಿದು ಪೊಲೀಸರಿಗೆ ಕೊಡಬಹುದು. ಶಿಬಿರ ಮುಚ್ಚಿದ್ದು ನಿಜ ಅಕ್ಕ. ಬೇಲಿ ಕಿತ್ತು ಊರಿಗೆಲ್ಲಾ ಹಾಕಿದ್ದಾರೆ.

ಅವ್ವನ ಸಂಗತಿಗೆ ಎಲಿಫಸ್‌ನಿಂದ ಶುರು ಮಾಡಬೇಕು. ನನ್ನ ಗಂಡನನ್ನು ನೀನು ಯಾವಾಗಲೂ "ಪಾದ್ರಿಯ ನೆರಳು" ಎಂದು ಗೇಲಿ ಮಾಡುತ್ತಿದ್ದೆ. ನೀವೆಲ್ಲ ಜರ್ಮನರ ಮೇಲೆ ಯುದ್ಧಕ್ಕೆ ಹೊರಟಾಗ ನಾವಿಬ್ಬರೂ ಮಿಷನ್ ಮನೆಯಲ್ಲೇ ಉಳಿದೆವು. ಪಾದ್ರಿ ಲೋಕಾಂಪ್ ನಮ್ಮನ್ನು ಬಿಟ್ಟುಕೊಡಲಿಲ್ಲ. ಹೆರೆರೊ ಜನ ಕಂಡಲ್ಲಿ ಗುಂಡಿಕ್ಕಿ, ಹೆಂಗಸರು ಮಕ್ಕಳನ್ನು ನೀರಿಲ್ಲದ ಕಡೆಗೆ ಓಡಿಸಿ ಎಂದು ಜನರಲ್‌ನ ಆಜ್ಞೆ ಬಂದ ದಿನ ಪಾದ್ರಿಗಳು ಊಟ ಮಾಡಲಿಲ್ಲ. ತಮ್ಮ ದೇಶಕ್ಕೆ ಉದ್ದದ ಪತ್ರ ಬರೆದರು. ಇನ್ನೂ ಹಲವರು ಬರೆದಿರಬೇಕು. ಕೊನೆಗೆ ಆಜ್ಞೆ ಹಿಂದಕ್ಕೆ ಹೋಯಿತು. ಆ ದಿನ ಎಲಿಫಸ್ ನನ್ನ ಕೈ ಹಿಡಿದು, "ನೋಡಿದೆಯಾ, ಅವರಲ್ಲೂ ನ್ಯಾಯ ಅನ್ನೋದಿದೆ. ಕೇಳೋರು ಬೇಕು ಅಷ್ಟೆ" ಎಂದ. ನಾನೂ ನಂಬಿದೆ.

ಆಮೇಲೆ ಪಾದ್ರಿಗಳು ಅವನನ್ನು ಕರೆದು, "ಎಲಿಫಸ್, ಕಾಡಿನಲ್ಲಿ ಇನ್ನೂ ಜನ ಬೇರು ಅಗೆದು ತಿಂದುಕೊಂಡಿದ್ದಾರೆ. ನಾವು ಕರೆದರೆ ಬರ್ತಾರೆ. ಅವರ ಪ್ರಾಣಕ್ಕೆ ಏನೂ ಆಗಲ್ಲ ಅಂತ ಸರ್ಕಾರ ನನಗೆ ಹೇಳಿದೆ. ನಾನು ನಿನಗೆ ಹೇಳ್ತಿದೀನಿ. ನೀನು ಹೋಗಿ ಅವರಿಗೆ ಹೇಳು" ಎಂದರು. ಎಲಿಫಸ್ ಕೋಲಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಹೊರಟ. ಪೊದೆಗಳ ಅಂಚಿನಲ್ಲಿ ನಿಂತು ಕೂಗಿದರೆ ಯಾರೂ ಹೊರಗೆ ಬರುತ್ತಿರಲಿಲ್ಲವಂತೆ. ಆಗ ಅವನು ಬೈಬಲ್ ಮಾತು ಬಿಟ್ಟು ನಮ್ಮ ಹಳೆಯ ಹಾಡು ಹಿಡಿದ. ಯಾವ ಮನೆತನದ ಎತ್ತು ಯಾವ ಬಣ್ಣದ್ದು, ಯಾರ ಅಜ್ಜ ಯಾವ ಹಳ್ಳದ ಹತ್ತಿರ ಮಲಗಿದ್ದಾನೆ, ಎಲ್ಲವನ್ನೂ ಹಾಡಿ ಕರೆದ. ಜನ ಒಬ್ಬೊಬ್ಬರಾಗಿ ಎದ್ದು ಬಂದರು. ಮಿಷನ್ ತೆರೆದ ಆಸರೆಯ ತಾಣಕ್ಕೆ ಹೀಗೆ ನೂರಾರು ಜನರನ್ನು ಕರೆತಂದ.

ಅವರಲ್ಲಿ ಅವ್ವನೂ ಇದ್ದಳು. ಎನ್ಗಾರಿಯ ಕೈ ಹಿಡಿದುಕೊಂಡು ಬಂದಳು. ನಾನು ಗುರುತಿಸಲಿಲ್ಲ. ಅವಳೇ ನನ್ನ ಕೆನ್ನೆ ಮುಟ್ಟಿ, "ಏನೇ, ಅವ್ವನ್ನ ಮರೆತ್ಯಾ?" ಎಂದಳು. ಎಲಿಫಸ್ ಕಡೆ ತಿರುಗಿ, "ಅಳಿಯಂದ್ರೇ, ನಮ್ಮಪ್ಪನ ಎತ್ತಿನ ಹೆಸರು ಹಿಡಿದು ಕೂಗಿದ್ರಲ್ಲ, ಅದಕ್ಕೆ ಬಂದೆ. ಸರ್ಕಾರ ಕರೆದಿದ್ರೆ ಅಲ್ಲೇ ಸಾಯ್ತಿದ್ದೆ" ಎಂದು ನಕ್ಕಳು. ಕೆಲವು ದಿನ ಒಟ್ಟಿಗಿದ್ದೆವು. ರಾತ್ರಿ ಹಗಲೆನ್ನದೆ ನಿನ್ನ ಮಾತೇ. ನೀನು ಮಗಳನ್ನು ಬಿಟ್ಟು ಹೋದೆ ಎಂದು ಅಲ್ಲಿ ಯಾವಳೋ ಅಂದದ್ದಕ್ಕೆ ಅವ್ವ ಎದ್ದು ನಿಂತು ಕೂಗಾಡಿದಳು: "ಅವಳು ಬಿಟ್ಟಿಲ್ಲ, ನಾನು ಕಿತ್ಕೊಂಡೆ! ಬೆನ್ನ ಮೇಲೊಂದು, ಹೊಟ್ಟೇಲೊಂದು, ಮುಂದೆ ನೀರಿಲ್ಲ. ಈ ಕಾಲು ನೊಂದ ಮಗೂನ ಹೊತ್ಕೊಂಡು ಹೋಗಿದ್ರೆ ನಾಲ್ಕೂ ಜೀವ ಹೋಗ್ತಿತ್ತು. ನಿನಗೇನೇ ಗೊತ್ತು ಮುಂಡೇದೇ!" ಇದನ್ನು ನೀನು ತಿಳಿದಿರಬೇಕು ಎಂದೇ ಬರೆದೆ.

ಒಂದು ಬೆಳಿಗ್ಗೆ ಸಿಪಾಯಿಗಳು ಬಂದರು. ಕೆಲಸ ಮಾಡುವ ಸ್ಥಿತಿಯಲ್ಲಿದ್ದವರನ್ನು, ಇಲ್ಲದವರನ್ನು, ಮಿಷನ್ ಕೆಲಸದವರಾದ ನಮ್ಮಿಬ್ಬರನ್ನು ಬಿಟ್ಟು ಎಲ್ಲರನ್ನೂ ನಡೆಸಿಕೊಂಡು ರೈಲಿನ ಹತ್ತಿರ ಒಯ್ದರು. ಸಮುದ್ರದ ಊರು ಸ್ವಾಕೊಪ್‌ಮುಂಡ್‌ಗೆ, ಹಡಗಿನ ಸಾಮಾನು ಎಳೆಯಲು. ಪಾದ್ರಿಗಳು ಟೋಪಿ ಇಲ್ಲದೆ ಓಡಿಬಂದು ಅಧಿಕಾರಿಯ ಕುದುರೆಯ ಲಗಾಮು ಹಿಡಿದರು. "ಇವರು ನನ್ನ ಮಾತು ನಂಬಿ ಬಂದ ಜನ!" ಎಂದು ಕೂಗಿದರು. ಆ ಅಧಿಕಾರಿ ಒಳ್ಳೆಯ ಮಾತಿನಲ್ಲೇ ಹೇಳಿದ: "ನಿಮ್ಮ ಮಾತಿಗೆ ಏನಾಯ್ತು ಪಾದ್ರಿಗಳೇ? ಪ್ರಾಣ ತೆಗೆಯಲ್ಲ ಅಂದಿದ್ರಿ. ತೆಗೀತಿಲ್ವಲ್ಲ. ಕೆಲಸಕ್ಕೆ ಕರ್ಕೊಂಡು ಹೋಗ್ತಿದೀವಿ." ಪಾದ್ರಿಗಳು ಅವ್ವನ ಕೈಯಿಂದ ಎನ್ಗಾರಿಯನ್ನು ಬಿಡಿಸಿಕೊಂಡು ತಮ್ಮ ಉದ್ದ ಕೋಟಿನ ಹಿಂದೆ ನಿಲ್ಲಿಸಿಕೊಂಡರು. ಅಷ್ಟನ್ನೇ ಅವರಿಗೆ ಮಾಡಲಾಗಿದ್ದು. ಆ ಒಂದಕ್ಕೆ ನಾನು ಅವರನ್ನು ಪೂರ್ತಿ ದ್ವೇಷಿಸಲಾರೆ.

ಅವ್ವ ಮೇಲ್ಛಾವಣಿಯಿಲ್ಲದ ರೈಲುಡಬ್ಬಿಯಲ್ಲಿ ನಿಂತು ಎಲಿಫಸ್‌ನನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಅವನು ಉಳಿಯುತ್ತಿದ್ದನೋ ಏನೋ.

ಮತ್ತೆ ವಾರದೊಳಗೆ ಪಾದ್ರಿಗಳು ಅವನನ್ನು ಕರೆದರು. ಕಾಡಿನಲ್ಲಿ ಇನ್ನೂ ಜನ ಸಾಯುತ್ತಿದ್ದಾರೆ, ನಾನು ಮತ್ತೆ ಬರೆದಿದ್ದೇನೆ, ಈ ಸಲ ಹೀಗಾಗಲು ಬಿಡುವುದಿಲ್ಲ, ಇನ್ನೊಮ್ಮೆ ಹೋಗು ಎಂದರು. ಎಲಿಫಸ್ ಬಿಳಿ ಬಟ್ಟೆಯನ್ನು ಮಡಿಚಿ ಅವರ ಮೇಜಿನ ಮೇಲಿಟ್ಟು, "ನೀವು ಬರೀತಾ ಇರಿ ಪಾದ್ರಿಗಳೇ. ನಾನು ಕರೆದವರ ಹತ್ರ ಹೋಗ್ತೀನಿ" ಎಂದ. ಮನೆಗೆ ಬಂದು ಕಂಬಳಿ ಸುತ್ತಿಕೊಂಡ. ನಾನು ಬಾಗಿಲಿಗೆ ಅಡ್ಡ ನಿಂತೆ. "ನಿಂಗೇನು ಹುಚ್ಚಾ? ಕರೆಯದೆ ಯಾರಾದ್ರೂ ಆ ಬೇಲಿಯೊಳಗೆ ಹೋಗ್ತಾರಾ? ನನ್ನ ಗತಿಯೇನು?" ಎಂದೆ. "ನಿನಗೆ ಮಗು ಇದೆ" ಎಂದ. "ಆ ಮಗು ನಂದಲ್ಲ!" ಎಂದು ಕಿರುಚಿದೆ. ಎನ್ಗಾರಿ ಮೂಲೆಯಲ್ಲಿ ನಿಂತಿದ್ದಳು. ಅವನು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಹೊರಟುಹೋದ. ಸಮುದ್ರದವರೆಗೂ ನಡೆದು ಹೋಗಿ, ಬೇಲಿಯ ಬಾಗಿಲಲ್ಲಿ ನನ್ನನ್ನೂ ಒಳಗೆ ಬಿಡಿ ಎಂದನಂತೆ. ಕಾವಲುಗಾರರು ಬಿದ್ದು ಬಿದ್ದು ನಕ್ಕರಂತೆ.

ಅಲ್ಲಿಂದ ಬದುಕಿ ಬಂದ ಹೆಂಗಸೊಬ್ಬಳು ಉಳಿದದ್ದನ್ನು ನನಗೆ ಹೇಳಿದಳು. ಎಲಿಫಸ್ ಅವ್ವನ ಜೊತೆಗೇ ಒಂದೇ ಹಗ್ಗಕ್ಕೆ ಹೆಗಲು ಕೊಟ್ಟು ಗಾಡಿ ಎಳೆಯುತ್ತಿದ್ದ. ಕಡಲ ಮಂಜು, ಮೈಮೇಲೆ ಗೋಣಿ, ಅರೆಬೆಂದ ಅಕ್ಕಿ. ಒಸಡು ಕೊಳೆಯುವ ರೋಗ. ಅವ್ವ ಮೊದಲು ಹೋದಳು. ಅವನೇ ಮರಳು ತೋಡಿದ. ಅವನಿಗೆ ಯಾರು ತೋಡಿದರೋ ಅವಳಿಗೆ ಗೊತ್ತಿರಲಿಲ್ಲ. ಆಸರೆಯ ತಾಣದಿಂದ ಹೋದವರಲ್ಲಿ ಅವನನ್ನು ಬೈಯುವವರು ಎಷ್ಟು ಜನ ಇದ್ದರೋ ಅವನ ಪಕ್ಕದಲ್ಲೇ ಮಲಗುವವರೂ ಅಷ್ಟೇ ಜನ ಇದ್ದರು ಎಂದಳು. ನನಗೆ ಈಗಲೂ ಅವನ ಮೇಲೆ ಕೋಪವಿದೆ, ಅಕ್ಕ. ಅವನು ಸತ್ತವರನ್ನು ಆರಿಸಿಕೊಂಡ, ನನ್ನನ್ನಲ್ಲ.

ಈಗ ನೀನು ಕೇಳಿದ ಇನ್ನೊಂದು ಮಾತು, ಅವರ ದೊಡ್ಡವರು ನಮ್ಮ ಪರವಾಗಿ ಮಾತಾಡಿದ್ದು. ಅದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮಗುವನ್ನು ಕಟ್ಟಿಕೊಂಡು ನಾನು ರೀಡೆಲ್ ಮನೆಗೆ ಬಂದ ಮೇಲೆ, ಕಳೆದ ವರ್ಷ ಮಳೆ ಮುಗಿಯುವ ಹೊತ್ತಿಗೆ, ಪಾದ್ರಿ ಲೋಕಾಂಪ್ ಈ ಕಡೆ ಬಂದಿದ್ದರು. ಶಾಫ್ ಎಂಬ ಲೆಫ್ಟಿನೆಂಟನೂ ಊಟಕ್ಕಿದ್ದ. ಹಡಗಿನಲ್ಲಿ ಬಂದ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ರೀಡೆಲ್ ಗಟ್ಟಿಯಾಗಿ ಓದುತ್ತಿದ್ದ. ನಾನು ಬಡಿಸುತ್ತಿದ್ದೆ. ನನಗೆ ಜರ್ಮನ್ ಬರುತ್ತದೆಂದು ಅವರಿಗೆ ಗೊತ್ತು, ಆದರೆ ಊಟದ ಹೊತ್ತಿನಲ್ಲಿ ಅದನ್ನು ಮರೆಯುತ್ತಾರೆ.

ಬರ್ಲಿನ್‌ನಲ್ಲಿ ಅವರು ಕಾನೂನು ಮಾಡುವ ಸಭೆಯಲ್ಲಿ ಒಬ್ಬ ಸದಸ್ಯ ಎದ್ದು ನಿಂತು, ಇದು ಯುದ್ಧವಲ್ಲ, ಕಟುಕರ ಕೆಲಸ, ಆ ಜನ ತಮ್ಮ ನೆಲಕ್ಕಾಗಿ ಎದ್ದರು, ನಾವಾಗಿದ್ದರೂ ಏಳುತ್ತಿದ್ದೆವು ಎಂದಿದ್ದನಂತೆ. ಯಾರೋ, ಎಲ್ಲೋ, ನನ್ನನ್ನು ನೋಡದವನು, ಅವ್ವನ ಪರವಾಗಿ ಬಾಯಿ ತೆರೆದಿದ್ದಾನೆ! ಆದರೆ ರೀಡೆಲ್ ಮುಂದೆ ಓದಿದ. ಇನ್ನೊಬ್ಬ ಎದ್ದು, ಮರಳಿಗಾಗಿ ಇಷ್ಟೊಂದು ತೆರಿಗೆ ಹಣ ಸುರಿಯುವುದು ಯಾಕೆ ಎಂದು ಕೇಳಿದ್ದ. ಆಮೇಲೆ ಚಪ್ಪಾಳೆ ಎಲ್ಲ ಆ ಎರಡನೆಯವನಿಗೇ. ಮೊದಲನೆಯವನು ಮಾತಾಡುವಾಗ ಸಭೆ ನಕ್ಕಿತು ಎಂದು ಪತ್ರಿಕೆಯಲ್ಲೇ ಬರೆದಿತ್ತು. ಆ ಮೇಲೆ ಸಭೆಯನ್ನೇ ವಿಸರ್ಜಿಸಿ ಚುನಾವಣೆ ಮಾಡಿದರಂತೆ. ಜನ ಸಾಲುಸಾಲಾಗಿ ನಿಂತು ಯುದ್ಧ ಬೇಕು ಎಂದವರನ್ನೇ ಗೆಲ್ಲಿಸಿದರಂತೆ.

"ಅಯ್ಯೋ, ಇಂಗ್ಲಿಷ್ ಪತ್ರಿಕೆಗಳನ್ನ ನೋಡ್ಬೇಕು ನೀವು. ನಮ್ಮ ಕರಿಯರಿಗಾಗಿ ಅವರು ಕಣ್ಣೀರು ಹಾಕ್ತಾರೆ" ಎಂದ ಲೆಫ್ಟಿನೆಂಟ್. "ಮೊನ್ನೆ ಮೊನ್ನೆ ಟ್ರಾನ್ಸ್‌ವಾಲ್‌ನಲ್ಲಿ ಬೋಯರ್ ರೈತರ ಹೆಂಗಸರು ಮಕ್ಕಳನ್ನ ಶಿಬಿರದಲ್ಲಿ ಹಾಕಿ ಸಾಯಿಸಿದ್ದು ಯಾರು? ಅವರಿಗೆ ನಮ್ಮ ನೆಲದ ಮೇಲೆ ಕಣ್ಣು, ಅದಕ್ಕೆ ಕಣ್ಣಲ್ಲಿ ನೀರು. ನಾವು ಇಲ್ಲಿಗೆ ಬರದಿದ್ರೆ ಅವರು ಬರ್ತಿದ್ರು. ಅಷ್ಟೇ ಕಥೆ." ನಿಮ್ಮ ಕೆರೆಯ ಹತ್ತಿರ ಇಂಗ್ಲಿಷ್ ದೊರೆಯೊಬ್ಬ ಬಂದು ನಿಮ್ಮ ಕಷ್ಟ ಕೇಳಿ ಬರೆದುಕೊಂಡು ಹೋದ ಎಂದು ಸೆಕೊಬೆ ಹೇಳಿದಾಗ ನನಗೆ ಈ ಮಾತೇ ನೆನಪಾಯಿತು.

ರೀಡೆಲ್ ಅಮ್ಮಾವ್ರಿಗೆ ಇದು ಹಿಡಿಸಲಿಲ್ಲ. "ಛೆ, ಎಲ್ಲಾ ನೆಲದ ಮಾತೇ ಆಯ್ತಲ್ಲ. ನಾವು ಈ ಜನಕ್ಕೆ ಬೆಳಕು ತಂದಿದೀವಿ. ಸೋಪು, ಓದು, ದೇವರು" ಎಂದರು. ರೀಡೆಲ್ ಜೋರಾಗಿ ನಕ್ಕ. ಕುಡಿದಿದ್ದ. "ಲೂಯಿಜೆ, ನಿಜ ಹೇಳ್ತೀನಿ ಕೇಳು. ನಾನು ಮನೆಗೆ ಮೂರನೇ ಮಗ. ನಮ್ಮಪ್ಪನ ಹೊಲ ದೊಡ್ಡಣ್ಣಂಗೆ, ಕುದುರೆ ಎರಡನೆಯವನಿಗೆ, ನಂಗೆ ಸಿಕ್ಕಿದ್ದು ಅಪ್ಪನ ಕೆಮ್ಮು ಮಾತ್ರ. ಇಲ್ಲಿ ಹುಲ್ಲು ಇದೆ ಅಂದ್ರು, ಬಂದೆ. ಬೆಳಕು ಗಿಳಕು ಆಮೇಲೆ." ಆ ಮೇಜಿನಲ್ಲಿ ನನಗೆ ಅರ್ಥವಾದ ಮಾತು ಅದೊಂದೇ. ನಮ್ಮಪ್ಪನಿಗೂ ಹುಲ್ಲೇ ಬೇಕಿತ್ತು. ಅದಕ್ಕೇ ಅವನೂ ಅಜ್ಜನೂ ಇಲ್ಲಿ ನಿಂತಿದ್ದು.

ಲೆಫ್ಟಿನೆಂಟ್ ಪಾದ್ರಿಗಳನ್ನು ಕೆಣಕಿದ. "ಪತ್ರಿಕೆಯವರು ನಿಮ್ಮನ್ನ ದೇಶದ್ರೋಹಿ ಅಂದ್ರಲ್ಲ, ಲೋಕಾಂಪ್. ಅಂಥದ್ದೇನು ಬರೆದಿದ್ರಿ ಆಗ?" ಪಾದ್ರಿಗಳು ತಟ್ಟೆ ನೋಡುತ್ತಾ ಹೇಳಿದರು: "ಸತ್ತವರಿಗೆ ದೀಕ್ಷೆ ಕೊಡೋಕಾಗಲ್ಲ ಅಂತ ಬರೆದೆ. ಸತ್ತವರ ಕೈಲಿ ರೈಲು ಹಳಿ ಹಾಕಿಸೋಕೂ ಆಗಲ್ಲ, ದನ ಕಾಯಿಸೋಕೂ ಆಗಲ್ಲ, ಈ ದೇಶ ನಡೀಬೇಕಾದ್ರೆ ಕೈಗಳು ಬೇಕು ಅಂತ ಬರೆದೆ. ಹಂಗೆ ಬರೀದಿದ್ರೆ ಅವರು ಎರಡನೇ ಸಾಲು ಓದ್ತಿರಲಿಲ್ಲ."

ಅಕ್ಕ, ಎಲಿಫಸ್ ಆ ಪತ್ರವನ್ನು ತಾನೇ ಅಂಚೆಗೆ ಕೊಟ್ಟು ಬಂದಿದ್ದ. ಅದರಲ್ಲಿ ನ್ಯಾಯ ಇದೆ ಎಂದುಕೊಂಡಿದ್ದ. ನಮ್ಮನ್ನು ಉಳಿಸಬೇಕೆಂದು ನಿಜವಾಗಿ ಮನಸ್ಸಿದ್ದವರೂ ನಮ್ಮ ಕೈಗಳನ್ನು ತೋರಿಸಿ ನಮ್ಮನ್ನು ಬಿಡಿಸಿಕೊಳ್ಳಬೇಕಾಯಿತು. ಕೈ ತೋರಿಸಿದ ಮೇಲೆ ಅವರು ಕೈ ಕೇಳಲು ಬಂದರು. ಪಾದ್ರಿಗಳು ಸೂಪಿಗೆ ರೊಟ್ಟಿ ಅದ್ದಿ ತಿನ್ನತೊಡಗಿದರು. ಕರುಣೆ ಬಂತೋ ಅಸಹ್ಯ ಬಂತೋ ನನಗೇ ತಿಳಿಯಲಿಲ್ಲ.

ಆಗ ಅಮ್ಮಾವ್ರು ನನ್ನ ಕಡೆ ತಿರುಗಿದರು. "ಅಮಾಲಿಯಾ, ನೀನೇ ಹೇಳು. ಮೊದಲಿಗಿಂತ ಈಗ ಚೆನ್ನಾಗಿದೀಯ ತಾನೇ?" ಎಲ್ಲರೂ ನನ್ನನ್ನು ನೋಡಿದರು. ಎಷ್ಟೋ ವರ್ಷ ಈ ಒಂದು ಪ್ರಶ್ನೆ ಯಾರಾದರೂ ಕೇಳಲಿ ಎಂದು ಕಾದಿದ್ದೆ. ಉತ್ತರ ಜರ್ಮನ್‌ನಲ್ಲೂ ಕಟ್ಟಿ ಇಟ್ಟುಕೊಂಡಿದ್ದೆ. ಬಾಗಿಲಾಚೆ ಎನ್ಗಾರಿ ಆಲೂಗಡ್ಡೆ ಸುಲಿಯುತ್ತಾ ಕುಳಿತಿದ್ದಳು. "ಇನ್ನೊಂದು ಸ್ವಲ್ಪ ಸೂಪು ಹಾಕ್ಲಾ ಅಮ್ಮಾವ್ರೇ?" ಎಂದೆ. ಲೆಫ್ಟಿನೆಂಟ್ ಮೇಜು ಗುದ್ದಿ ನಕ್ಕ. "ನೋಡಿ, ಬರ್ಲಿನ್‌ನವರಿಗೆ ಇದೇ ಉತ್ತರ!" ಎಂದ.

ಅವರ ಊರಲ್ಲಿ ನಮಗಾಗಿ ಎದ್ದು ನಿಂತವರು ಇದ್ದಾರೆ. ಸುಳ್ಳಲ್ಲ. ಅವರ ಧ್ವನಿ ಇಲ್ಲಿಗೆ ಬಂದು ಮುಟ್ಟುವಾಗ ಅದು ಊಟದ ಹೊತ್ತಿನ ತಮಾಷೆಯಾಗಿರುತ್ತದೆ. ಅದನ್ನು ನಂಬಿ ಮಕ್ಕಳನ್ನು ಕಟ್ಟಿಕೊಂಡು ಮತ್ತೆ ಆ ಮರಳು ತುಳಿಯಬೇಡ.

ಇನ್ನು ಮಗಳ ಸಂಗತಿ. ರೀಡೆಲ್ ಅಮ್ಮಾವ್ರು ಕೆಟ್ಟವರಲ್ಲ. ನನ್ನ ಮೇಲೆ ಕೈ ಎತ್ತಿಲ್ಲ. ಅವರದೊಂದು ಹೆಣ್ಣುಮಗು ಜ್ವರದಲ್ಲಿ ಹೋಯಿತು, ಮನೆಯ ಹಿಂದೆ ಮಣ್ಣು ಮಾಡಿದ್ದಾರೆ, ನಮ್ಮ ಅಪ್ಪನ ಸಮಾಧಿಗೆ ಹತ್ತಿರದಲ್ಲೇ. ಅಂದಿನಿಂದ ಎನ್ಗಾರಿ ಅವರ ಕಣ್ಣಿಗೆ ಬಿದ್ದಿದ್ದಾಳೆ. ಆ ಮಗುವಿನ ಬಟ್ಟೆಗಳನ್ನು ಬಿಚ್ಚಿ ಇವಳಿಗೆ ಹೊಲಿಸಿದ್ದಾರೆ. ಲೀಸ್ಖೆನ್ ಎಂದು ಕರೆಯುತ್ತಾರೆ. ಕಸೂತಿ ಕಲಿಸಿದ್ದಾರೆ. ಅವಳು ಅವರ ಮಡಿಲಲ್ಲಿ ತಲೆಯಿಟ್ಟು ಜರ್ಮನ್ ಹಾಡು ಹೇಳುತ್ತಾಳೆ, ನನಗೂ ಆಗ ಅಡುಗೆಮನೆಯಲ್ಲಿ ಒಂದು ಗಳಿಗೆ ಬಿಡುವು.

ಮುಂದಿನ ತಿಂಗಳು ಅವರು ಜರ್ಮನಿಗೆ, ತಮ್ಮ ಊರಿಗೆ ಹೋಗುತ್ತಿದ್ದಾರೆ, ವೈದ್ಯರಿಗೆ ತೋರಿಸಿಕೊಳ್ಳಲು. ಎನ್ಗಾರಿಯನ್ನೂ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದಾರೆ. "ಇಲ್ಲಿ ಅವಳಿಗೆ ಏನಿದೆ ಹೇಳು ಅಮಾಲಿಯಾ? ಏಳು ತುಂಬಿದ್ರೆ ಕುತ್ತಿಗೆಗೆ ಬಿಲ್ಲೆ ಹಾಕ್ತಾರೆ, ಆಮೇಲೆ ಯಾವನಾದ್ರೂ ಸಿಪಾಯಿ ಕಣ್ಣು ಹಾಕ್ತಾನೆ. ಅಲ್ಲಿ ಶಾಲೆಗೆ ಹಾಕ್ತೀನಿ. ನೀನು ಅವಳಿಗೆ ಏನು ಕೊಡಬಲ್ಲೆ?" ಎಂದರು. ಮಾತಿನಲ್ಲಿ ಸುಳ್ಳಿಲ್ಲ. ಅದಕ್ಕೇ ಹೆಚ್ಚು ಸಂಕಟ. ಬಾಗಿಲಲ್ಲಿ ನಿಂತಿದ್ದ ರೀಡೆಲ್, "ಊರಲ್ಲಿ ಪ್ರದರ್ಶನಕ್ಕಿಟ್ಟು ಟಿಕೆಟ್ ಮಾರಬಹುದು" ಎಂದು ತಮಾಷೆ ಮಾಡಿದ. ಅಮ್ಮಾವ್ರು ಅವನ ಮೇಲೆ ಸಿಟ್ಟಾದರು. ಆದರೆ ಕಣ್ಣೊರೆಸಿಕೊಂಡು ನನಗೆ ಹೇಳಿದ್ದು, "ನಂಗೂ ಯಾರಾದ್ರೂ ಬೇಕು" ಎಂದು. ಅವರು ಕೇಳುತ್ತಿಲ್ಲ ಅಕ್ಕ, ತಿಳಿಸುತ್ತಿದ್ದಾರೆ. "ಯೋಚನೆ ಮಾಡ್ತೀನಿ" ಎಂದೆ. ನಾನು ಯೋಚನೆ ಮಾಡುವುದಕ್ಕೂ ಹಡಗು ಹೊರಡುವುದಕ್ಕೂ ಏನೂ ಸಂಬಂಧವಿಲ್ಲ.

ಇದನ್ನು ಕೇಳಿ ನೀನು ಇಂದೇ ಎದ್ದು ಹೊರಡಬೇಡ. ನೀನು ಇಲ್ಲಿಗೆ ಮುಟ್ಟುವ ಮೊದಲೇ ಗಡಿಯ ಪೊಲೀಸರು ನಿನ್ನನ್ನು ಹಿಡಿದು ಯಾವುದಾದರೂ ಹೊಲಕ್ಕೆ ಹಂಚುತ್ತಾರೆ, ಮಕ್ಕಳನ್ನು ಬೇರೆ ಹೊಲಕ್ಕೆ. ಅವಳು ಹೋದರೂ ಹೊಟ್ಟೆಗಾದರೂ ತಿನ್ನುತ್ತಾಳೆ. ಬೆಚ್ಚಗಿರುತ್ತಾಳೆ. ನನ್ನ ಕೈಯಲ್ಲಿ ತಡೆಯಲಾಗಲಿಲ್ಲ ಎಂದು ತಿಳಿದುಕೋ. ಇಲ್ಲಿ ಯಾವುದೂ ನಮ್ಮ ಕೈಯಲ್ಲಿಲ್ಲ. ಕಾಗದವೂ ಮುಗಿಯುತ್ತಾ ಬಂತು.

ಮಕ್ಕಳ ತಲೆ ಸವರು. ಭಾವನಿಗೆ ನನ್ನ ನಮಸ್ಕಾರ. ಹಾಲು ಕರೆಯುವಾಗ ಒಮ್ಮೊಮ್ಮೆ ನನ್ನನ್ನು ನೆನೆಸಿಕೋ, ಯಾರ ಹಸುವಾದರೇನು.

ನಿನ್ನ ಒಬ್ಬಳೇ ತಂಗಿ,
ಅಮಾಲಿಯಾ

ಮರೆಯುವ ಮುನ್ನ: ಮೇಲಿನದನ್ನು ಬರೆದು ಮುಗಿಸಿದ್ದು ಬೇರೆ ದಿನ. ಇಂದು ಬೆಳಿಗ್ಗೆ ಸೆಕೊಬೆ ವಾಪಸು ಬಂದ. ರೀಡೆಲ್ ದನ ನೋಡಲು ಹೋಗಿದ್ದಾನೆ, ಅಮ್ಮಾವ್ರಿಗೆ ತಲೆನೋವು, ಮಲಗಿದ್ದಾರೆ. ನಾನು ಸೆಕೊಬೆಯ ಹತ್ತಿರ ಮಾತಾಡಿದೆ. ಮೊದಲು "ನನ್ನ ಕುತ್ತಿಗೆಗೆ ಹಗ್ಗ ತರ್ತೀಯಾ ತಾಯಿ?" ಎಂದ. ಆಮೇಲೆ ಸುಮ್ಮನೆ ಹೋಗಿ ಗಾಡಿಯೊಳಗೆ ಸಕ್ಕರೆ ಮೂಟೆಗಳ ನಡುವೆ ಜಾಗ ಮಾಡಿದ.

ಭಾವ ಇದನ್ನು ಓದುತ್ತಿರುವಾಗ ಎನ್ಗಾರಿ ನಿಮ್ಮ ಬಾಗಿಲ ಮುಂದೆ ನಿಂತ ಗಾಡಿಯೊಳಗೇ ಇದ್ದಾಳೆ. ಓದಿ ಮುಗಿಯುವವರೆಗೆ ಪರದೆ ಎತ್ತಬೇಡ ಎಂದು ಸೆಕೊಬೆಗೆ ಹೇಳಿದ್ದೇನೆ. ಅವಳನ್ನು ಲೀಸ್ಖೆನ್ ಎಂದರೆ ಮಾತ್ರ ಬೇಗ ತಿರುಗುತ್ತಾಳೆ, ಬೇಸರ ಮಾಡಿ­ಕೊಳ್ಳಬೇಡ. ಹೆರೆರೊ ಮಾತು ಸ್ವಲ್ಪ ತಡವರಿಸುತ್ತಾಳೆ. ಹುಳಿ ಹಾಲು ಕುಡಿಯುವುದಿಲ್ಲ, ಕಲಿಸು. ಅಮ್ಮಾವ್ರು ಎದ್ದು ಕೇಳಿದರೆ ಏನು ಹೇಳಬೇಕೆಂದು ನನಗೆ ಇನ್ನೂ ತಿಳಿದಿಲ್ಲ. ಈ ಪತ್ರಕ್ಕೆ ಉತ್ತರ ಕಳಿಸಬೇಡ, ಸೆಕೊಬೆಯನ್ನೂ ಮತ್ತೆ ಈ ದಾರಿಗೆ ಕಳಿಸಬೇಡ.

ಇನ್ನೊಂದು. ನಿನ್ನ ಮುಖ ಅವಳಿಗೆ ನೆನಪಿಲ್ಲ, ನಾನೇ ತಾಯಿ ಎಂದು ಹೇಳಿ ಬೆಳೆಸಿದ್ದೇನೆ. ದೊಡ್ಡಮ್ಮನ ಮನೆಗೆ ಹೋಗು, ನಾಲ್ಕು ದಿನ ಇದ್ದು ಬಾ ಎಂದು ಹತ್ತಿಸಿದ್ದೇನೆ. ಅವಳು ಅಳಲಿಲ್ಲ, ಅಮ್ಮ ಬೇಗ ಬರ್ತೀನಿ ಎಂದಳು. ನೀನು ಯಾರೆಂದು ನೀನೇ ಹೇಳು ಅಕ್ಕ. ಆದರೆ ಇವತ್ತೇ ಹೇಳಬೇಡ. ಇನ್ನೂ ಕೆಲವು ದಿನ ಅವಳು ಅಮ್ಮ ಎಲ್ಲಿ ಎಂದು ನನ್ನನ್ನೇ ಕೇಳುತ್ತಿರಲಿ.